ಆಕ್ಟೇವಿಯಾ ಆರ್‌ಎಸ್‌ಗೆ ಫ್ರಂಟ್ ಮೌಂಟ್ ಇಂಟರ್‌ಕೂಲರ್: ಮೂರು ಆಯ್ಕೆಗಳ ವಿಮರ್ಶೆ

ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನು ಮಾರದೆ ಜತನದಿಂದ ಉಳಿಸಿಕೊಂಡಿರುವವರು ಬೆಂಗಳೂರಿನಲ್ಲಿ ಇಂದಿಗೂ ಸಿಗುತ್ತಾರೆ. 1.8 ಲೀಟರಿನ, ಸಿಲಿಂಡರೊಂದಕ್ಕೆ ಐದು ವಾಲ್ವುಗಳಿರುವ ಅದರ ಟರ್ಬೊ ಪೆಟ್ರೋಲ್ ಎಂಜಿನ್ ಭಾರತದ ಮಾದರಿಯಲ್ಲಿ ಕಾರ್ಖಾನೆಯಿಂದ ಹೊರಬರುವಾಗ 150 ಪಿಎಸ್ (ಅಶ್ವಶಕ್ತಿ) ಶಕ್ತಿಯನ್ನೂ 210 ಎನ್‌ಎಂ ಟಾರ್ಕನ್ನೂ ಕೊಡುತ್ತಿತ್ತು. ಒಳ್ಳೆಯ ಕೈಯಲ್ಲಿ ರೀಮ್ಯಾಪ್ ಮಾಡಿಸಿದರೆ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ಲೆಕ್ಕಾಚಾರ ಬದಲಿಸಿದರೆ, ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುವ ಅದೇ ಚಿಕ್ಕ ಕೆ03 ಟರ್ಬೊದಲ್ಲಿ 190 ಪಿಎಸ್ ಆಸುಪಾಸಿಗೆ ಹೋಗುತ್ತದೆ. ಅಷ್ಟರ ಮಟ್ಟಿಗೆ ಬಂದವರು ಮುಂದೆ ಕೇಳುವ ಪ್ರಶ್ನೆ, ಟರ್ಬೊ ಅದುಮಿದಾಗ ಬಿಸಿಯಾಗುವ ಗಾಳಿಯನ್ನು ಎಂಜಿನ್ ಸೇರುವ ಮುನ್ನ ತಣಿಸಲು ಬಂಪರಿನ ಹಿಂದೆ ಕೂರುವ ಫ್ರಂಟ್ ಮೌಂಟ್ ಇಂಟರ್‌ಕೂಲರ್ ಹಾಕಿಸಬೇಕೆ, ಹಾಕಿಸುವುದಾದರೆ ಯಾವುದು ಎನ್ನುವುದು. ಇಲ್ಲಿ ತೂಗಿ ನೋಡಿರುವುದು ಮೂರನ್ನು: ಮೂಲ ಜಾಗದಲ್ಲೇ ಕೂರುವ, ಆದರೆ ಕಾರ್ಖಾನೆಯದಕ್ಕಿಂತ ದಪ್ಪನಾದ ಸೈಡ್ ಮೌಂಟ್, 550×230×65 ಮಿಲಿಮೀಟರ್ ಕೋರಿನ (ಗಾಳಿ ತಣಿಯುವ ಮುಖ್ಯ ಭಾಗದ) ಮಧ್ಯಮ ಗಾತ್ರದ ಫ್ರಂಟ್ ಮೌಂಟ್, ಮತ್ತು ಅಂತರ್ಜಾಲದ ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವ 600×300×76ರ ದೊಡ್ಡ ಕೋರ್. ನನ್ನ ಕಾರಿನಲ್ಲಿ ಈಗ ಇರುವುದು ಎರಡನೆಯದು. ಉಳಿದೆರಡನ್ನು ಇದೇ ಎಂಜಿನ್ ಇರುವ ಸ್ನೇಹಿತರ ಕಾರುಗಳಲ್ಲಿ ನೋಡಿದ್ದೇನೆ, ಓಡಿಸಿದ್ದೇನೆ.

ಈ ಕಾರಿನ ಮೂಲ ಇಂಟರ್‌ಕೂಲರ್ ಮುಂಭಾಗದ ಒಂದು ಮೂಲೆಯಲ್ಲಿ, ಚಕ್ರದ ಎದುರಿಗೆ, ಮಡ್‌ಗಾರ್ಡಿನ ಒಳಗೆ ಅಡಗಿ ಕುಳಿತಿರುತ್ತದೆ. ಬಂಪರಿನ ಕೆಳಮೂಲೆಯ ಜಾಲರಿಯಿಂದ ಒಳನುಗ್ಗಿದ ಗಾಳಿ ಅದನ್ನು ಹಾದು, ಚಕ್ರದ ಒಳಹೊದಿಕೆಯಲ್ಲಿ ಕೊರೆದಿರುವ ಸೀಳುಗಳ ಮೂಲಕ ಹೊರಗೆ ಹೋಗಬೇಕು. ಜಾಗ ಉಳಿಸುವ ದೃಷ್ಟಿಯಿಂದ ಇದು ಜಾಣ ವಿನ್ಯಾಸವೇ. 150 ಪಿಎಸ್‌ಗೆ ಸಾಕೂ ಸಾಕು. ಆದರೆ ಗಾಳಿಗೆ ಎದುರಾಗುವ ಅದರ ಮುಖ ಒಂದು ದಪ್ಪ ಪುಸ್ತಕದಷ್ಟೇ ಅಗಲ, ಹಿಂದಿನಿಂದ ಗಾಳಿ ಹೊರಹೋಗುವ ದಾರಿಯೂ ಇಕ್ಕಟ್ಟು. ಅದರ ಮೇಲೆ ಒಂದು ನಿಮಿಷ ನಿರಂತರವಾಗಿ ಭಾರ ಬಿದ್ದರೆ ಇಡೀ ಪೆಟ್ಟಿಗೆ ಬಿಸಿಯಾಗಿ, ಅಲ್ಲಿಂದ ಮುಂದೆ ಹೆಸರಿಗೆ ಮಾತ್ರ ಇಂಟರ್‌ಕೂಲರ್ ಆಗಿ ಉಳಿಯುತ್ತದೆ. ಸುಬಾರು ಇಂಪ್ರೇಜಾದವರು ಎಂಜಿನ್ನಿನ ನೆತ್ತಿಯ ಮೇಲೆ ಇಟ್ಟರು, ಮಿತ್ಸುಬಿಷಿ ಇವೊ ಮಾಡಿದವರು ಕಾರ್ಖಾನೆಯಲ್ಲೇ ಮೂಗಿನ ಎದುರಿಗೆ ತಂದು ನಿಲ್ಲಿಸಿದರು. ಇವೊದವರ ನಿರ್ಧಾರಕ್ಕೆ ಕಾರಣ ಇಷ್ಟೇ, ಕಾರಿನಲ್ಲಿ ತಣ್ಣನೆಯ ಗಾಳಿ ನೇರವಾಗಿ ಬಂದು ಬಡಿಯುವ ಜಾಗ ಅದೊಂದೇ.

ಎಷ್ಟು ಬಿಸಿ ಎನ್ನುವುದನ್ನು ಲೆಕ್ಕ ಹಾಕಿ ನೋಡದೆ ಗಾತ್ರದ ಮಾತಾಡುವುದು ವ್ಯರ್ಥ. ರೀಮ್ಯಾಪ್ ಆದ ಎಂಜಿನ್ನಿಗೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ 2 ಬಾರ್ ನಿರಪೇಕ್ಷ ಒತ್ತಡ (ಹೊರಗಿನ ವಾಯುಒತ್ತಡವೂ ಸೇರಿ) ಬೇಕು ಎಂದುಕೊಳ್ಳೋಣ. ಹೊರಗಿನ ಗಾಳಿ 35 ಡಿಗ್ರಿ ಇದೆ, ಟರ್ಬೊದಲ್ಲಿ ಗಾಳಿ ಅದುಮುವ ಕಂಪ್ರೆಸರಿನ ದಕ್ಷತೆ ಶೇ. 70 ಇದೆ ಎಂದೂ ಇಟ್ಟುಕೊಳ್ಳೋಣ. ಮಂಗಳೂರಿನಲ್ಲಿ, ಸಮುದ್ರಮಟ್ಟದಲ್ಲಿ, ಟರ್ಬೊದಿಂದ ಹೊರಬರುವ ಗಾಳಿಯ ಉಷ್ಣತೆ 130 ಡಿಗ್ರಿಯ ಹತ್ತಿರ ಇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ವಾಯುಒತ್ತಡ 0.91 ಬಾರ್ ಮಾತ್ರ ಇರುವುದರಿಂದ, ಅದೇ 2 ಬಾರ್ ಮುಟ್ಟಲು ಟರ್ಬೊ ಹೆಚ್ಚು ಅದುಮಬೇಕಾಗುತ್ತದೆ. ಉಷ್ಣತೆ 146ಕ್ಕೆ ಏರುತ್ತದೆ. ಕೆ03 ತನ್ನ ಮಿತಿಯ ತುದಿಗೆ ಬಂದಾಗ ದಕ್ಷತೆ ಇನ್ನೂ ಇಳಿಯುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕೆಟ್ಟದ್ದೇ ಇದ್ದೀತು. ಬೆಂಗಳೂರಿನ ಹವೆ ತಂಪು, ಆದ್ದರಿಂದ ಇಲ್ಲಿ ಚಿಕ್ಕ ಇಂಟರ್‌ಕೂಲರ್ ಸಾಕು ಎಂದು ಹೇಳುವವರು ಎತ್ತರದ ಈ ಸುಂಕವನ್ನು ಮರೆತಿರುತ್ತಾರೆ. ಸಾಲದ್ದಕ್ಕೆ, ಇಂಟರ್‌ಕೂಲರಿನ ಹೊರಮೈಯನ್ನು ತಣಿಸಲು ಬರುವ ಗಾಳಿಯೂ ಇಲ್ಲಿ ಕರಾವಳಿಯದಕ್ಕಿಂತ ತೆಳುವು.

ಪೂರ್ಣ ಭಾರದಲ್ಲಿ 190 ಪಿಎಸ್ ಎಂಜಿನ್ ಸೆಕೆಂಡಿಗೆ ಸುಮಾರು 150 ಗ್ರಾಂ ಗಾಳಿ ನುಂಗುತ್ತದೆ. ಅಷ್ಟು ಗಾಳಿಯನ್ನು 146ರಿಂದ 57 ಡಿಗ್ರಿಗೆ ಇಳಿಸಬೇಕಾದರೆ ಹೊರಹಾಕಬೇಕಾದ ಶಾಖ ಸುಮಾರು 13 ಕಿಲೋವ್ಯಾಟ್. ಮನೆಯಲ್ಲಿರುವಂಥ 2 ಕಿಲೋವ್ಯಾಟಿನ ಆರು ಗೀಸರುಗಳನ್ನು ಒಟ್ಟಿಗೆ ಹಚ್ಚಿದಷ್ಟು. ಗೀಸರಿನ ಲೆಕ್ಕ ನೆನಪಿನಲ್ಲಿರಲಿ, ಏಕೆಂದರೆ ಫ್ರಂಟ್ ಮೌಂಟ್ ಹಾಕಿದಾಗ ಈ ಶಾಖವೆಲ್ಲ ಹೋಗಿ ಬೀಳುವುದು ಹಿಂದೆ ನಿಂತಿರುವ ಏಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ಮುಖಕ್ಕೆ.

ಈಗ ನಿಜವಾದ ವಿಷಯಕ್ಕೆ ಬರೋಣ. ದಣಿದ ಚಿಕ್ಕ ಇಂಟರ್‌ಕೂಲರ್ ಶೇ. 60ರಷ್ಟು ಕೆಲಸ ಮಾಡಿದರೆ, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿರುವ ಬಿಸಿಯಲ್ಲಿ ಅಷ್ಟು ಪಾಲನ್ನು ಕಳೆದರೆ, ಮ್ಯಾನಿಫೋಲ್ಡಿಗೆ ಹೋಗುವ ಗಾಳಿ 79 ಡಿಗ್ರಿ ಇರುತ್ತದೆ, ಒಳ್ಳೆಯದೊಂದು ಶೇ. 80ರಷ್ಟು ಮಾಡಿದರೆ 57 ಡಿಗ್ರಿ. ಈ 22 ಡಿಗ್ರಿಯ ವ್ಯತ್ಯಾಸದಿಂದ ಗಾಳಿಯ ಸಾಂದ್ರತೆ ಶೇ. 6ರಿಂದ 7ರಷ್ಟು ಹೆಚ್ಚುತ್ತದೆ. ಆದರೆ ಹೊಸ ಇಂಟರ್‌ಕೂಲರ್ ಒಳಗೆ ಗಾಳಿ ತಿಣುಕಿ ಸಾಗುವಂತಿದ್ದು, ಈ ತುದಿಯಿಂದ ಆ ತುದಿಗೆ ಒತ್ತಡ ಹಳೆಯದಕ್ಕಿಂತ 0.13 ಬಾರ್ ಹೆಚ್ಚು ಇಳಿದರೆ, ಬಂದ ಲಾಭ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಬೂಸ್ಟ್ ಅನ್ನು, ಅಂದರೆ ಟರ್ಬೊ ಕೊಡುವ ಹೆಚ್ಚುವರಿ ಒತ್ತಡವನ್ನು, ಅಳೆಯುವ ಸೆನ್ಸರ್ ಈ ಕಾರಿನಲ್ಲಿ ಇರುವುದು ಇಂಟರ್‌ಕೂಲರ್ ದಾಟಿದ ಮೇಲೆ. ಆದ್ದರಿಂದ ಅಲ್ಲಿ ಒತ್ತಡ ಕಡಿಮೆ ಕಂಡೊಡನೆ ಇಸಿಯು ಟರ್ಬೊವನ್ನು ಇನ್ನಷ್ಟು ಓಡಿಸಿ ಕೊರತೆ ತುಂಬುತ್ತದೆ. ಚಾಲಕನಿಗೆ ಗೇಜಿನಲ್ಲಿ ಬೂಸ್ಟ್ ಸರಿಯಾಗಿಯೇ ಕಾಣುತ್ತದೆ. ಒಳಗೆ ಕೆ03 ಮಾತ್ರ ತನ್ನ ಶಕ್ತಿ ಮೀರಿ ತಿರುಗುತ್ತಾ, ಇನ್ನೂ ಬಿಸಿಯಾದ ಗಾಳಿಯನ್ನು ಉಗುಳುತ್ತಿರುತ್ತದೆ. ಹೀಗಾಗಿ ಇಂಟರ್‌ಕೂಲರ್ ಮಾರುವವರ ಹತ್ತಿರ ಮೊದಲು ಕೇಳಬೇಕಾದದ್ದು ನಿಗದಿತ ಹರಿವಿನಲ್ಲಿ ಒತ್ತಡ ಎಷ್ಟು ಇಳಿಯುತ್ತದೆ ಎಂಬುದನ್ನು. ಉತ್ತರ ಕೊಡಲಾಗದವರು ಕೋರಿನ ಉದ್ದಗಲ ಹೇಳುತ್ತಾರೆ, ಅಥವಾ ‘600 ಹಾರ್ಸ್‌ಪವರ್ ತಡೆಯುತ್ತದೆ ಸಾರ್’ ಎನ್ನುತ್ತಾರೆ. 600 ಹಾರ್ಸ್‌ಪವರ್ ಎಂಬ ಸಂಖ್ಯೆಗೆ ಹರಿವು, ಒತ್ತಡ, ಹೊರಗಿನ ಗಾಳಿಯ ವೇಗ ಯಾವುದೂ ಜೊತೆಯಲ್ಲಿಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ.

ಮಾರುವವರು ಹೇಳದಿದ್ದರೂ ಅಳೆಯುವ ದಾರಿ ನಮ್ಮ ಕೈಯಲ್ಲೇ ಇದೆ, ಮತ್ತು ಈ ಎಂಜಿನ್ನಿನ ವಿಷಯದಲ್ಲಿ ಅದು ಬಹಳ ಸುಲಭ. ಇಸಿಯುವಿನ ಅಂಕಿಗಳನ್ನು ಓದುವ ವಿಸಿಡಿಎಸ್ ಕೇಬಲ್ ಇರುವ ಗ್ಯಾರೇಜಿನವರಿಂದ, ಮೂರನೇ ಗೇರಿನಲ್ಲಿ, 2,000ದಿಂದ 6,000 ಆರ್‌ಪಿಎಂವರೆಗೆ ಪೂರ್ಣ ಆಕ್ಸಿಲರೇಟರ್ ಒತ್ತಿ, ಖಾಲಿ ರಸ್ತೆಯಲ್ಲಿ ಮೂರು ಮೆಷರಿಂಗ್ ಬ್ಲಾಕ್‌ಗಳ (ಇಸಿಯು ತೋರಿಸುವ ಅಂಕಿಗಳ ಗುಂಪುಗಳ) ಲಾಗ್ ತೆಗೆಸಬೇಕು. 115ರಲ್ಲಿ ಇಸಿಯು ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್ ಅಕ್ಕಪಕ್ಕ ಕಾಣುತ್ತವೆ. 118ರಲ್ಲಿ ಇನ್‌ಟೇಕ್ ಗಾಳಿಯ ಉಷ್ಣತೆಯೂ ಟರ್ಬೊದ ಒತ್ತಡಕ್ಕೆ ಮಿತಿ ಹಾಕುವ ವೇಸ್ಟ್‌ಗೇಟನ್ನು ನಿಯಂತ್ರಿಸುವ ಎನ್75 ವಾಲ್ವಿನ ಡ್ಯೂಟಿಯೂ (ಇದು ಹೆಚ್ಚಿದಷ್ಟೂ ಟರ್ಬೊ ಹೆಚ್ಚು ದುಡಿಯುತ್ತದೆ) ಇರುತ್ತವೆ. 020ರಲ್ಲಿ ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು) ಕಾರಣಕ್ಕೆ ನಾಲ್ಕು ಸಿಲಿಂಡರುಗಳಲ್ಲಿ ಇಗ್ನಿಷನ್ ಟೈಮಿಂಗ್ ಎಷ್ಟೆಷ್ಟು ಹಿಂದಕ್ಕೆ ಹೋಗಿದೆ ಎಂಬುದು ಕಾಣುತ್ತದೆ. ಹೊಸ ಇಂಟರ್‌ಕೂಲರ್ ಹಾಕಿದ ಮೇಲೆ, ಅದೇ ರಸ್ತೆ, ಅದೇ ಪೆಟ್ರೋಲ್, ಸರಿಸುಮಾರು ಅದೇ ಹವೆಯಲ್ಲಿ ಮತ್ತೆ ಲಾಗ್ ತೆಗೆದಾಗ, ಗಾಳಿಯ ಉಷ್ಣತೆ ಇಳಿದು, ಟೈಮಿಂಗ್ ಹಿಂದೆ ಹೋಗುವುದು ಕಡಿಮೆಯಾಗಿ, ಎನ್75 ಡ್ಯೂಟಿ ಮೊದಲಿನಷ್ಟೇ ಅಥವಾ ಕಡಿಮೆ ಇದ್ದರೆ ಕೊಟ್ಟ ದುಡ್ಡು ಸಾರ್ಥಕ. ಅದೇ ಬೂಸ್ಟಿಗೆ ಡ್ಯೂಟಿ ಏರಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಕೋರ್ ಉಸಿರು ಕಟ್ಟಿಸುತ್ತಿದೆ. ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ, ಕಂಪ್ರೆಸರ್ ಮೈಯಿಂದ ವೇಸ್ಟ್‌ಗೇಟ್ ಕಡೆಗೆ ಹೋಗುವ ಚಿಕ್ಕ ರಬ್ಬರ್ ಕೊಳವೆಗೆ ಒಂದು ಟಿ ಜೋಡಿಸಿ ಗೇಜ್ ಹಚ್ಚಿದರೆ ಇಂಟರ್‌ಕೂಲರಿಗೆ ಮುಂಚಿನ ಒತ್ತಡ ಸಿಗುತ್ತದೆ. ಅದರಿಂದ ಮ್ಯಾನಿಫೋಲ್ಡಿನ ಒತ್ತಡ ಕಳೆದರೆ ಕೊಳವೆಗಳೂ ಸೇರಿದಂತೆ ಒಟ್ಟು ಇಳಿತ ಗೊತ್ತಾಗುತ್ತದೆ. ಈ ಅಳತೆ ಮಾಡಲು ಗ್ಯಾರೇಜಿನವರು ಬೇಸರ ಪಟ್ಟರೆ, ಆ ಗ್ಯಾರೇಜಿನಲ್ಲಿ ಇಂಟರ್‌ಕೂಲರ್ ಹಾಕಿಸುವ ಬಗ್ಗೆ ಇನ್ನೊಮ್ಮೆ ಯೋಚಿಸುವುದು ಒಳಿತು.

ಕೋರಿನ ರಚನೆಯಲ್ಲಿ ಎರಡು ಜಾತಿ. ಟ್ಯೂಬ್ ಅಂಡ್ ಫಿನ್ ಎಂದರೆ ರೇಡಿಯೇಟರಿನಂತೆ ತೆಳುಗೋಡೆಯ ಚಪ್ಪಟೆ ಕೊಳವೆಗಳು, ನಡುವೆ ಶಾಖ ಬಿಡುವ ತೆಳು ತಗಡಿನ ಫಿನ್; ಹಗುರ, ಹೊರಗಿನ ಗಾಳಿ ಸರಾಗವಾಗಿ ಹಾಯುತ್ತದೆ, ಆದರೆ ಕಲ್ಲೇಟಿಗೆ ಮೆತ್ತಗೆ. ಬಾರ್ ಅಂಡ್ ಪ್ಲೇಟ್ ಎಂದರೆ ಪಟ್ಟಿಗಳನ್ನೂ ತಗಡುಗಳನ್ನೂ ಪದರ ಪದರವಾಗಿ ಪೇರಿಸಿ ಬೆಸೆದದ್ದು. ಭಾರ ಹೆಚ್ಚು, ಗಟ್ಟಿಮುಟ್ಟು, ಆದರೆ ಪಟ್ಟಿಯ ಚೌಕಾಕಾರದ ಅಂಚುಗಳು ಹೊರಗಿನ ಗಾಳಿಗೆ ಅಡ್ಡ ನಿಲ್ಲುತ್ತವೆ. ಯಾವುದು ಮೇಲು ಎನ್ನುವ ವಾದ ಮುಗಿಯುವಂಥದ್ದಲ್ಲ, ಏಕೆಂದರೆ ಉತ್ತರ ಕಾರನ್ನು ಹೇಗೆ ಓಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಐದು ಕಿಲೋ ಅಲ್ಯೂಮಿನಿಯಂ 30 ಡಿಗ್ರಿ ಬಿಸಿಯಾಗಲು ಸುಮಾರು 135 ಕಿಲೋಜೂಲ್ ಶಾಖ ಹೀರುತ್ತದೆ. 13 ಕಿಲೋವ್ಯಾಟಿನ ಲೆಕ್ಕದಲ್ಲಿ ಅದು ಹತ್ತು ಸೆಕೆಂಡಿನ ಶಾಖ. ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಬೇಕಾಗುವುದು ಹೆಚ್ಚೂಕಡಿಮೆ ಅಷ್ಟೇ ಹೊತ್ತು. ಆ ಹತ್ತು ಸೆಕೆಂಡುಗಳಲ್ಲಿ ಕೆಲಸ ಮಾಡುವುದು ಹೊರಗಿನ ಗಾಳಿಗಿಂತ ಹೆಚ್ಚಾಗಿ ಲೋಹದ ತೂಕವೇ, ಆದ್ದರಿಂದ ಅಂಥ ಓಟಕ್ಕೆ ಬಾರ್ ಅಂಡ್ ಪ್ಲೇಟ್ ಚೆನ್ನ. ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುವಾಗ ಕಥೆ ಬೇರೆ: ತಿರುವಿನಿಂದ ತಿರುವಿಗೆ ಮತ್ತೆ ಮತ್ತೆ ಬೂಸ್ಟ್ ಏರುತ್ತದೆ, ವೇಗ ಕಡಿಮೆ, ಲೋಹ ಹೀರಿದ ಶಾಖವನ್ನು ಬಿಟ್ಟುಕೊಡಲು ಬಿಡುವು ಸಾಲದು. ಅಲ್ಲಿ ಬೇಗ ತಣಿಯುವ ಹಗುರ ಕೋರ್ ಮುಂದೆ ಬರುತ್ತದೆ.

ಬೆಂಗಳೂರಿನ ಒಳಗಿನ ಓಡಾಟಕ್ಕೆ ಇದನ್ನು ಇನ್ನೊಂದು ಕಡೆಯಿಂದ ನೋಡಬೇಕು. ಸಿಲ್ಕ್ ಬೋರ್ಡಿನಲ್ಲಿ ಇಪ್ಪತ್ತು ನಿಮಿಷ ನಿಂತ ಕಾರಿನ ಇಂಟರ್‌ಕೂಲರ್, ಅದು ಯಾವ ಜಾತಿಯದಾದರೂ, ರಸ್ತೆಯ ಕಾವು, ಮುಂದಿನ ಬಸ್ಸಿನ ಹೊಗೆ, ಹಿಂದಿನ ರೇಡಿಯೇಟರಿನ ಬಿಸಿ ಎಲ್ಲವನ್ನೂ ಹೀರಿ ಕುಳಿತಿರುತ್ತದೆ. ಫ್ಲೈಓವರ್ ಹತ್ತಿ ದಾರಿ ಬಿಟ್ಟೊಡನೆ ಮೂಲ ಸೈಡ್ ಮೌಂಟ್ ಇರುವ ಕಾರು ಮೊದಲ ಒಂದೆರಡು ಎಳೆತಗಳಲ್ಲಿ ಸಪ್ಪೆಯಾಗಿ ಕಾಣುವುದು ಇದೇ ಕಾರಣಕ್ಕೆ. ಭಾರದ ಬಾರ್ ಅಂಡ್ ಪ್ಲೇಟ್ ಕೋರ್ ಬಿಸಿಯಾಗಲು ನಿಧಾನ, ಒಮ್ಮೆ ಬಿಸಿಯಾದರೆ ತಣಿಯಲೂ ನಿಧಾನ. 118ನೇ ಬ್ಲಾಕಿನಲ್ಲಿ ನಿಂತಲ್ಲಿಂದ ಹೊರಟ ಮೇಲೆ ಗಾಳಿಯ ಉಷ್ಣತೆ ಹೊರಗಿನ ಉಷ್ಣತೆಯ ಹತ್ತಿರಕ್ಕೆ ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಎಂದು ನೋಡುತ್ತಾ ಕೂತರೆ, ನಗರದ ಕಾರಿಗೆ ಗರಿಷ್ಠ ದಕ್ಷತೆಗಿಂತ ಈ ಚೇತರಿಕೆಯ ಸಮಯವೇ ಮುಖ್ಯ ಎನ್ನುವುದು ಮನದಟ್ಟಾಗುತ್ತದೆ. ನಾನು ಟ್ಯೂಬ್ ಅಂಡ್ ಫಿನ್ ಆರಿಸಿದ್ದಕ್ಕೆ ಇದು ಅರ್ಧ ಕಾರಣ. ಉಳಿದರ್ಧ ಏಸಿ, ಆ ಮಾತು ಮುಂದೆ ಬರುತ್ತದೆ.

ಕೋರಿನ ದಪ್ಪದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮುಂದಿನ 40 ಮಿಲಿಮೀಟರಿನಲ್ಲಿ ಹಾದುಬಂದ ಗಾಳಿ ಆಗಲೇ ಬಿಸಿಯಾಗಿರುವುದರಿಂದ ಹಿಂದಿನ ಭಾಗಕ್ಕೆ ಕೆಲಸ ಕಡಿಮೆ. ದಪ್ಪ ಹೆಚ್ಚಿದಂತೆ ಲಾಭ ಕುಗ್ಗುತ್ತದೆ, ಹಿಂದಿನ ರೇಡಿಯೇಟರಿಗೆ ಗಾಳಿಯೂ ಕುಗ್ಗುತ್ತದೆ. ಮುಖದ ಅಗಲವೇ ಬೆಲೆಯುಳ್ಳದ್ದು. ಆದರೆ ಅದೇ ಅಗಲದ ಕೋರಿನಲ್ಲಿ ಗಾಳಿ ಅಡ್ಡಕ್ಕೆ ಹರಿಯುತ್ತದೆಯೋ ಮೇಲಿಂದ ಕೆಳಕ್ಕೋ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. 600×300ರ ಕೋರಿನಲ್ಲಿ ಅಡ್ಡ ಕೊಳವೆಗಳಾದರೆ ಕಡಿಮೆ ಸಂಖ್ಯೆ, ಒಂದೊಂದೂ 600 ಮಿಲಿಮೀಟರ್ ಉದ್ದ. ಲಂಬ ಕೊಳವೆಗಳಾದರೆ ಇಮ್ಮಡಿ ಸಂಖ್ಯೆ, ಅರ್ಧ ಉದ್ದ. ತಣಿಸುವ ಒಟ್ಟು ಮೈ ಒಂದೇ, ಆದರೆ ಒತ್ತಡದ ಇಳಿತ ಲಂಬದಲ್ಲಿ ಎಷ್ಟೋ ಕಡಿಮೆ. ತೊಂದರೆಯೆಂದರೆ ಲಂಬ ಹರಿವಿನಲ್ಲಿ ಕೊಳವೆಗಳ ತುದಿಗೆ ಗಾಳಿ ಹಂಚುವ ಎಂಡ್ ಟ್ಯಾಂಕ್‌ಗಳು ಮೇಲೆ ಕೆಳಗೆ ಬರುವುದರಿಂದ ಆಕ್ಟೇವಿಯಾದ ಬಂಪರಿನ ಒಳಗಿನ ಎತ್ತರವನ್ನು ಅವೇ ತಿಂದುಹಾಕುತ್ತವೆ. ಅದಕ್ಕಾಗಿಯೇ ಈ ಕಾರಿಗೆ ಸಿಗುವ ಕಿಟ್‌ಗಳು ಹೆಚ್ಚಾಗಿ ಅಡ್ಡ ಹರಿವಿನವು.

ಎಂಡ್ ಟ್ಯಾಂಕನ್ನು ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಬೇಕು. ಕೊಳವೆ ಬಂದು ಸೇರುವ ಬಾಯಿಯಿಂದ ಟಾರ್ಚ್ ಬಿಟ್ಟು ಇಣುಕಿದರೆ, ಒಳ್ಳೆಯ ಟ್ಯಾಂಕಿನಲ್ಲಿ ಗೋಡೆ ಬಾಗುತ್ತಾ ಹೋಗಿ ಕೊನೆಯ ಕೊಳವೆಯವರೆಗೂ ಗಾಳಿಯನ್ನು ಹಂಚುವಂತೆ ಇರುವುದು ಕಾಣುತ್ತದೆ. ಅಗ್ಗದ್ದರಲ್ಲಿ ತಗಡನ್ನು ಪೆಟ್ಟಿಗೆಯಂತೆ ಮಡಿಸಿ ಬೆಸುಗೆ ಹಾಕಿ, ಬಾಯಿಯನ್ನು ನೇರ ಗೋಡೆಗೆ ಗುದ್ದುವಂತೆ ಕೂರಿಸಿರುತ್ತಾರೆ. ಗಾಳಿ ಎದುರಿಗಿರುವ ನಾಲ್ಕೈದು ಕೊಳವೆಗಳಲ್ಲಷ್ಟೇ ನುಗ್ಗಿ, ಉಳಿದವು ಸುಮ್ಮನೆ ಕೂರುತ್ತವೆ. ಬೆಸುಗೆಯ ಒಳಅಂಚಿನಲ್ಲಿ ಲೋಹ ತೊಟ್ಟಿಕ್ಕಿ ಗಂಟುಗಟ್ಟಿದೆಯೇ ಎಂದು ಬೆರಳಾಡಿಸಿ ನೋಡಿ. ಸ್ನೇಹಿತರೊಬ್ಬರು ತರಿಸಿದ, ಹೆಸರೇ ಇಲ್ಲದ ಒಂದು ದೊಡ್ಡ ಕೋರನ್ನು ಬಿಳಿ ಬಟ್ಟೆಯ ಮೇಲೆ ತಲೆಕೆಳಗಾಗಿ ಹಿಡಿದು ತಟ್ಟಿದಾಗ ಉಗುರಿನ ಚೂರಿನಷ್ಟು ಅಲ್ಯೂಮಿನಿಯಂ ಸಿಪ್ಪೆಗಳು ಉದುರಿದವು. ಅವು ಹೋಗಿ ಬೀಳುತ್ತಿದ್ದದ್ದು ನೇರವಾಗಿ ಸಿಲಿಂಡರಿಗೆ. ಎಷ್ಟೇ ದುಬಾರಿಯದಾಗಿದ್ದರೂ ಹೊಸ ಇಂಟರ್‌ಕೂಲರನ್ನು ಡಿಗ್ರೀಸರ್ ಹಾಕಿ ತೊಳೆದು, ಎರಡೂ ಕಡೆಯಿಂದ ಕಂಪ್ರೆಸರ್ ಗಾಳಿ ಹೊಡೆದು, ಪೂರ್ತಿ ಒಣಗಿಸಿದ ಮೇಲೆಯೇ ಕೂರಿಸಬೇಕು.

ಕೊಳವೆಗಳ ವ್ಯಾಸದ ಬಗ್ಗೆ ಇರುವಷ್ಟು ಅಂತೆಕಂತೆ ಬೇರೆ ಯಾವುದರ ಬಗ್ಗೆಯೂ ಇರಲಿಕ್ಕಿಲ್ಲ. ಮೇಲೆ ಹೇಳಿದ 150 ಗ್ರಾಂ ಗಾಳಿ 57 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 30 ಮೀಟರ್ ವೇಗದಲ್ಲಿ ಹೋಗುತ್ತದೆ. ಇದು ಆರಾಮದ ವೇಗ. ಫ್ರಂಟ್ ಮೌಂಟಿನಲ್ಲಿ ಹೋಗುವ ಬರುವ ಕೊಳವೆಗಳು ಸೇರಿ ಮೂರು ಮೀಟರ್ ಉದ್ದ ಎಂದು ಹಿಡಿದರೆ, 57ರಲ್ಲಿ ಒಳಗಿನ ಗಾತ್ರ ಏಳೂವರೆ ಲೀಟರ್, 63ರಲ್ಲಿ ಒಂಬತ್ತೂ ಚಿಲ್ಲರೆ, 76ರಲ್ಲಿ ಹದಿಮೂರೂವರೆ. ಐದಾರು ಲೀಟರ್ ಹೆಚ್ಚಾದರೆ ಬೂಸ್ಟ್ ತುಂಬಲು ಸೆಕೆಂಡಿನ ಒಂದೆರಡು ದಶಾಂಶ ತಡವಾಗಬಹುದು, ಅಷ್ಟೇ. ಫ್ರಂಟ್ ಮೌಂಟ್ ಹಾಕಿದರೆ ಟರ್ಬೊ ಲ್ಯಾಗ್ ಸಹಿಸಲಾಗದಷ್ಟಾಗುತ್ತದೆ ಎನ್ನುವ ದೂರಿನ ಹಿಂದೆ ಬಹುಪಾಲು ಇರುವುದು ಸೋರುವ ಜೋಡಣೆಗಳು. ಆದರೂ 190 ಪಿಎಸ್‌ಗೆ 76 ಮಿಲಿಮೀಟರಿನ ಕೊಳವೆ ಹಾಕಲು ಯಾವ ಕಾರಣವೂ ಇಲ್ಲ. ನೋಡಲು ಚೆಂದ ಎನ್ನುವುದನ್ನು ಬಿಟ್ಟರೆ.

ಜೋಡಣೆಯಲ್ಲಿ ಗಮನಿಸಬೇಕಾದ ಸಣ್ಣ ಸಂಗತಿಗಳೇ ಮುಂದೆ ದೊಡ್ಡ ತಲೆನೋವು. ಅಲ್ಯೂಮಿನಿಯಂ ಕೊಳವೆಯ ತುದಿಯಲ್ಲಿ ಉಬ್ಬಿದ ಅಂಚು ಇರಲೇಬೇಕು. ನುಣುಪಾದ ತುದಿಗೆ ಸಿಲಿಕೋನ್ ಹೋಸ್ ಹಾಕಿ ಕ್ಲಾಂಪ್ ಎಷ್ಟು ಬಿಗಿದರೂ 1 ಬಾರ್ ಬೂಸ್ಟಿನಲ್ಲಿ ಒಂದಲ್ಲ ಒಂದು ದಿನ ಕಳಚಿಕೊಳ್ಳುತ್ತದೆ. ನೀರಿನ ಪೈಪಿಗೆ ಹಾಕುವ ಸಾಧಾರಣ ತಿರುಪು ಕ್ಲಾಂಪಿನ ಬದಲು ಟಿ-ಬೋಲ್ಟ್ ಕ್ಲಾಂಪ್ ಇರಲಿ. ಟರ್ಬೊದಿಂದ ಹೊರಬರುವ ಮೊದಲ ಹೋಸ್ ಎಣ್ಣೆಯ ಆವಿಗೂ ಬಿಸಿಗೂ ಒಡ್ಡಿಕೊಳ್ಳುವುದರಿಂದ, ಅದಕ್ಕೆ ಮಾತ್ರ ಫ್ಲೋರೋಸಿಲಿಕೋನ್ ಒಳಪದರ ಇರುವುದನ್ನು ಕೇಳಿ ಪಡೆಯಿರಿ. ಸಾದಾ ಸಿಲಿಕೋನ್ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಕಿಟ್ಟಿನಲ್ಲಿ ಬೂಸ್ಟ್ ಸೆನ್ಸರ್ ಕೂರಿಸಲು ಸರಿಯಾದ ಫ್ಲ್ಯಾಂಜ್ ಇದೆಯೇ, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚುವರಿ ಒತ್ತಡವನ್ನು ಬೇರೆಡೆಗೆ ತಿರುಗಿಸುವ ಡೈವರ್ಟರ್ ವಾಲ್ವಿಗೆ ಕವಲು ಇದೆಯೇ ಎಂದು ಮೊದಲೇ ನೋಡಿ. ಎಲ್ಲ ಕಾರಿಗೂ ಒಗ್ಗುತ್ತದೆ ಎಂದು ಮಾರುವ ಸಾರ್ವತ್ರಿಕ ಕಿಟ್‌ಗಳಲ್ಲಿ ಈ ಎರಡೂ ಇರುವುದಿಲ್ಲ, ಮತ್ತು ಅವನ್ನು ಇಲ್ಲಿ ಬೆಸುಗೆ ಹಾಕಿಸುವ ಹೊತ್ತಿಗೆ ಉಳಿಸಿದ ದುಡ್ಡು ಖರ್ಚಾಗಿರುತ್ತದೆ. ಹಾಕಿದ ಮೇಲೆ ಏರ್ ಫಿಲ್ಟರ್ ಕಡೆಯಿಂದ ಮುಚ್ಚಳ ಹಾಕಿ 1 ಬಾರ್ ಗಾಳಿ ತುಂಬಿ, ಪ್ರತಿ ಜೋಡಣೆಗೂ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಬಿಡಲೇಬಾರದು. ಈ ಎಂಜಿನ್ ಒಳಬರುವ ಗಾಳಿಯನ್ನು ಫಿಲ್ಟರಿನ ಹತ್ತಿರವೇ ಅಳೆದು ಪೆಟ್ರೋಲ್ ನಿಗದಿ ಮಾಡುವುದರಿಂದ, ಅಳೆದ ಗಾಳಿ ನಡುವೆ ಸೋರಿಹೋದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ, ಕುಗ್ಗಿದ ಮೈಲೇಜು, ಮುಗ್ಗರಿಸುವ ಎಳೆತ ಎಲ್ಲವೂ ಒಟ್ಟಿಗೆ ಬರುತ್ತವೆ.

ಇನ್ನು ಬಂಪರ್ ಬಿಚ್ಚಿದ ಮೇಲಿನ ಕಥೆ. 550×230ರ ಕೋರ್ ಕೆಳಗಿನ ಜಾಲರಿಯ ಹಿಂದೆ ಕೂರುತ್ತದೆ. ಹಾರ್ನ್‌ಗಳನ್ನು ಸರಿಸಬೇಕಾಗಬಹುದು, ಪ್ಲಾಸ್ಟಿಕ್ಕಿನ ಒಳಅಂಚನ್ನು ಸ್ವಲ್ಪ ಕತ್ತರಿಸಬೇಕಾಗಬಹುದು. 600×300×76 ಹಾಗಲ್ಲ. ಅದು ಕೂರಬೇಕಾದರೆ ಬಂಪರಿನ ಹಿಂದಿರುವ ಉಕ್ಕಿನ ತೊಲೆಯ ಕೆಳಅಂಚನ್ನು ಕೊಯ್ಯೋಣ ಎಂದು ಗ್ಯಾರೇಜಿನವರು ಸಲಹೆ ಕೊಡುವುದುಂಟು. ಅಪಘಾತದಲ್ಲಿ ಮೊದಲ ಪೆಟ್ಟು ತಿನ್ನಲೆಂದೇ ಇಟ್ಟಿರುವ ತೊಲೆ ಅದು. ಅದನ್ನು ಕೊಯ್ಯುವ ಮಾತು ಬಂದ ಕ್ಷಣವೇ ಆ ಕೋರನ್ನು ಪಟ್ಟಿಯಿಂದ ತೆಗೆದುಹಾಕಬೇಕು ಎಂಬುದು ನನ್ನ ಅಭಿಪ್ರಾಯ, ಇದರಲ್ಲಿ ರಾಜಿಗೆ ಜಾಗವಿಲ್ಲ. ಕೋರಿನ ಕೆಳಗೆ ಹಾಯುವ ಕೊಳವೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ನಮ್ಮ ಬಡಾವಣೆಗಳ ಹಂಪ್‌ಗಳನ್ನು ಹಾಕುವವರು ಯಾವ ಅಳತೆಗೋಲನ್ನೂ ಹಿಡಿದುಕೊಂಡು ಬರುವುದಿಲ್ಲ.

ಏಸಿಯ ವಿಷಯದಲ್ಲಿ ಸುಮ್ಮನೆ ಸಮಾಧಾನ ಹೇಳುವವರನ್ನು ನಂಬಬೇಡಿ. ಕಂಡೆನ್ಸರಿನ ಎದುರಿಗೆ ಏನನ್ನು ನಿಲ್ಲಿಸಿದರೂ ನಿಂತ ಕಾರಿನಲ್ಲಿ ಏಸಿ ಸ್ವಲ್ಪವಾದರೂ ಸೊರಗುತ್ತದೆ. ಟ್ರಾಫಿಕ್ಕಿನಲ್ಲಿ ಬೂಸ್ಟ್ ಇರುವುದಿಲ್ಲವಾದ್ದರಿಂದ ಇಂಟರ್‌ಕೂಲರ್ ತಾನಾಗಿ ಬಿಸಿ ಸೇರಿಸುವುದು ಕಡಿಮೆ; ಆದರೆ ಫ್ಯಾನ್ ಎಳೆಯುವ ಗಾಳಿಗೆ ಅದು ಇನ್ನೊಂದು ಗೋಡೆ. 65 ಮಿಲಿಮೀಟರಿನ ಟ್ಯೂಬ್ ಅಂಡ್ ಫಿನ್ ಕೋರಿನ ಹಿಂದೆ ಏಪ್ರಿಲ್ ಮಧ್ಯಾಹ್ನದಲ್ಲೂ ನನ್ನ ಏಸಿ ತಕ್ಕಮಟ್ಟಿಗೆ ನಡೆಯುತ್ತದೆ. ದೊಡ್ಡ ಬಾರ್ ಅಂಡ್ ಪ್ಲೇಟ್ ಹಾಕಿಸಿದ ಸ್ನೇಹಿತರು ಸಿಗ್ನಲ್ಲಿನಲ್ಲಿ ಕಿಟಕಿ ಇಳಿಸುತ್ತಾರೆ. ಇಂಟರ್‌ಕೂಲರಿಗೂ ಕಂಡೆನ್ಸರಿಗೂ ನಡುವೆ, ಬದಿಗಳಲ್ಲಿ ಉಳಿಯುವ ಸಂದುಗಳನ್ನು ಫೋಮ್ ಪಟ್ಟಿ ಅಥವಾ ತೆಳು ತಗಡಿನಿಂದ ಮುಚ್ಚಿಸಿದರೆ ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳದೆ ಎಲ್ಲವನ್ನೂ ಹಾದುಹೋಗುತ್ತದೆ. ಖರ್ಚು ಅತ್ಯಲ್ಪ, ಪರಿಣಾಮ ಕಣ್ಣಿಗೆ ಕಾಣುವಂಥದ್ದು. ಎಂಜಿನ್ ಬಿಸಿಯಾಗುತ್ತಿದೆಯೇ ಎಂದು ಡ್ಯಾಶ್‌ಬೋರ್ಡಿನ ಸೂಜಿ ನೋಡಿ ತೀರ್ಮಾನಿಸಬೇಡಿ. ಆ ಕಾಲದ ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ಕೂಲಂಟಿನ ಉಷ್ಣತೆ ಸಾಕಷ್ಟು ಏರಿಳಿದರೂ ಸೂಜಿ 90ರಲ್ಲೇ ನೆಟ್ಟಗೆ ನಿಲ್ಲುವಂತೆ ಮಾಡಿರುತ್ತಾರೆ. ನಿಜವಾದ ಅಂಕಿ ಬೇಕಾದರೆ ವಿಸಿಡಿಎಸ್‌ನಲ್ಲೇ ನೋಡಬೇಕು. ವಾಟರ್ ಪಂಪ್, ಥರ್ಮೋಸ್ಟಾಟ್, ಎರಡೂ ಫ್ಯಾನ್‌ಗಳು ಸುಸ್ಥಿತಿಯಲ್ಲಿವೆ ಎಂದು ಖಾತ್ರಿಯಾಗುವವರೆಗೆ ಫ್ರಂಟ್ ಮೌಂಟ್ ಮಾತೇ ಬೇಡ.

ಇಷ್ಟೆಲ್ಲ ಓದಿ, ಬಂಪರ್ ಕತ್ತರಿಸುವ ಮನಸ್ಸಿಲ್ಲ ಎನ್ನುವವರಿಗೆ ಮೊದಲ ಆಯ್ಕೆಯಾದ ದೊಡ್ಡ ಸೈಡ್ ಮೌಂಟ್ ಇದೆ. ಇಂಗ್ಲೆಂಡಿನ ಫೋರ್ಜ್ ಮೋಟಾರ್‌ಸ್ಪೋರ್ಟ್‌ನಂಥ ತಯಾರಕರು ಈ 1.8 ಟರ್ಬೊ ಎಂಜಿನ್ನಿನ ಕಾರುಗಳಿಗೆಂದೇ ಇದನ್ನು ಮಾಡಿದ್ದಾರೆ. ಮೂಲ ಹೋಸ್‌ಗಳು, ಮೂಲ ಜಾಗ. ಅರ್ಧ ದಿನದ ಕೆಲಸ. ಏಸಿಗೂ ರೇಡಿಯೇಟರಿಗೂ ಯಾವ ತೊಂದರೆಯೂ ಇಲ್ಲ. ದಪ್ಪ ಹೆಚ್ಚಾದ ಕೋರ್ ಒಂದೆರಡು ಎಳೆತಗಳ ಶಾಖವನ್ನು ಸಲೀಸಾಗಿ ತಡೆದುಕೊಳ್ಳುತ್ತದೆ, ನಗರ ಮತ್ತು ಹೆದ್ದಾರಿಯ ಮಾಮೂಲಿ ಓಟದಲ್ಲಿ ಫ್ರಂಟ್ ಮೌಂಟಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಘಾಟಿಯಲ್ಲಿ ಗೊತ್ತಾಗುತ್ತದೆ: ಗಾಳಿ ಬರುವ ಕಿಂಡಿ ಹೋಗುವ ಸೀಳು ಎರಡೂ ಅಷ್ಟೇ ಚಿಕ್ಕವಾಗಿ ಉಳಿದಿರುವುದರಿಂದ, ಹತ್ತು ನಿಮಿಷದ ಏರಿನ ಕೊನೆಗೆ ಅದೂ ದಣಿಯುತ್ತದೆ. 95 ಆಕ್ಟೇನ್ ಪೆಟ್ರೋಲಿನಲ್ಲಿ ಓಡುವ ಕಾರಿನ 020ನೇ ಬ್ಲಾಕಿನಲ್ಲಿ ಆ ದಣಿವು ಅಂಕಿಗಳಾಗಿ ಕಾಣುತ್ತದೆ. ಘಾಟಿ ಹತ್ತುವುದು ವರ್ಷಕ್ಕೆ ಒಂದೆರಡು ಸಲ ಎನ್ನುವವರಿಗೆ ನಾನು ಧೈರ್ಯವಾಗಿ ಶಿಫಾರಸು ಮಾಡುವುದು ಇದನ್ನೇ. ರೀಮ್ಯಾಪ್ ಆಗದ 150 ಪಿಎಸ್ ಕಾರಿಗಾದರೆ ಇದೂ ಬೇಡ. ಮೂಲ ಇಂಟರ್‌ಕೂಲರನ್ನು ಬಿಚ್ಚಿ ಒಳಗೆ ಸೇರಿರುವ ಎಣ್ಣೆ ತೊಳೆದು, ಬಾಗಿದ ಫಿನ್‌ಗಳನ್ನು ನೆಟ್ಟಗೆ ಮಾಡಿ, ಎಂಜಿನ್ನಿನೊಳಗಿನ ಆವಿಯನ್ನು ಸಾಗಿಸುವ ಬ್ರೀದರ್ ಹೋಸ್‌ಗಳು ಒಡೆದಿದ್ದರೆ ಅವನ್ನು ಬದಲಿಸಿದರೆ ಬೇಕಾದಷ್ಟಾಯಿತು.

550×230×65 ನನ್ನ ಲೆಕ್ಕದಲ್ಲಿ ಕೆ03 ಇರುವ, ರೀಮ್ಯಾಪ್ ಆದ, ಮಲೆನಾಡಿನ ಕಡೆಗೆ ಆಗಾಗ ಹೋಗುವ ಕಾರಿಗೆ ಹದವಾದ ಅಳತೆ. 57 ಮಿಲಿಮೀಟರಿನ ಕೊಳವೆಯೊಂದಿಗೆ, ಎರಕದ ಎಂಡ್ ಟ್ಯಾಂಕ್ ಇರುವುದನ್ನು ಆರಿಸಿದರೆ ಎನ್75 ಡ್ಯೂಟಿ ಹೆಚ್ಚದೆ ಘಾಟಿಯ ತುದಿಯವರೆಗೂ ಎಳೆತ ಒಂದೇ ಸಮನೆ ಉಳಿಯುತ್ತದೆ. 600×300×76 ದೊಡ್ಡ ಟರ್ಬೊ, ಬದಲಿಸಿದ ಇಂಜೆಕ್ಟರುಗಳು, 300 ಪಿಎಸ್ ಕಡೆಗೆ ಹೊರಟವರ ಸಾಮಾನು. ಕೆ03ರ ಮುಂದೆ ಅದನ್ನು ನಿಲ್ಲಿಸಿದ ಕಾರಿನಲ್ಲಿ ನಾನು ಕಂಡದ್ದು ಕಡಿಮೆ ಉಷ್ಣತೆಯ ಗಾಳಿ, ಏರಿದ ಡ್ಯೂಟಿ, ಕೆಳ ಆರ್‌ಪಿಎಂನಲ್ಲಿ ಮಂಕಾದ ಎಳೆತ ಮತ್ತು ಜಾಲರಿಯ ಹಿಂದಿನಿಂದ ಹೊಳೆಯುವ ಬೆಳ್ಳಿ ಬಣ್ಣ. ಕೊನೆಯದಕ್ಕೆ ಬೆಲೆ ಕಟ್ಟುವವರೂ ಇದ್ದಾರೆ, ಅದು ಅವರಿಷ್ಟ.

ಕೊಳ್ಳುವ ವಿಷಯದಲ್ಲಿ ಎರಡು ಮಾತು. ಜೆ.ಸಿ. ರಸ್ತೆಯಲ್ಲಿ ಹೋಸ್, ಕ್ಲಾಂಪ್, ಅಲ್ಯೂಮಿನಿಯಂ ಬೆಂಡ್ ವಿಚಾರಿಸಿ ಆರಿಸಿಕೊಳ್ಳಬಹುದು. ಈ ಕಾರಿಗೆಂದೇ ಮಾಡಿದ ಕಿಟ್ ಬೇಕೆಂದರೆ ಹೊರದೇಶದಿಂದಲೇ ತರಿಸಬೇಕಾದೀತು, ಆಗ ಸಾಗಣೆ ಮತ್ತು ಸುಂಕವನ್ನು ಸೇರಿಸಿಯೇ ಬೆಲೆ ಹೋಲಿಸಿ. ಇಂಟರ್‌ಕೂಲರ್ ಭಾರಕ್ಕಿಂತ ಗಾತ್ರದ ವಸ್ತುವಾದ್ದರಿಂದ ಸಾಗಣೆಯೇ ಲೆಕ್ಕ ತಪ್ಪಿಸುತ್ತದೆ. ಮಾರ್ಪಾಡಿನ ವಿಷಯವನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿಡಿ. ಪೋಲೋ ಜಿಟಿ ಟಿಎಸ್‌ಐನಂಥ ಕಾರು ಇರುವವರಿಗೆ ಈ ಬರಹದ ಬಹುಪಾಲು ಅನ್ವಯಿಸುವುದಿಲ್ಲ, ಏಕೆಂದರೆ ಅದರ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೇ ಇದ್ದು ನೀರಿನಿಂದ ತಣಿಯುವಂಥದ್ದು.

ಬಿಚ್ಚಿ ತೆಗೆದ ಮೂಲ ಸೈಡ್ ಮೌಂಟನ್ನು, ಅದರ ಹೋಸ್‌ಗಳನ್ನು, ಪ್ಲಾಸ್ಟಿಕ್ ಡಕ್ಟನ್ನು ಗುಜರಿಗೆ ಕೊಡಬೇಡಿ. ತೊಳೆದು, ಬಾಯಿಗಳಿಗೆ ಬಟ್ಟೆ ತುರುಕಿ, ಅಟ್ಟದ ಮೇಲೆ ಇಟ್ಟುಕೊಳ್ಳಿ. ಕಾರನ್ನು ಮುಂದೆ ಕೊಳ್ಳುವವರು ಮೂಲ ಸಾಮಾನು ಇದೆಯೇ ಎಂದು ಕೇಳಿಯೇ ಕೇಳುತ್ತಾರೆ, ಮತ್ತು ಈ ಮಾದರಿಗೆ ಆ ಡಕ್ಟ್ ಈಗ ಸುಲಭವಾಗಿ ಸಿಗುವ ವಸ್ತುವಲ್ಲ.